ದಸ್ತಗೀರ ಕಾಕಾನ ಆಸ್ಟ್ರೇಲಿಯಾ ಮುದುಕಿ

ಹೋದ ವಾರ ಚಿಕ್ಕೋಡಿಯ ಒಂದು ಬಟ್ಟೆ ಅಂಗಡಿಯಲ್ಲಿ ನಿಂತು ನಾನು ಅತ್ತುಬಿಟ್ಟೆ. ಅಳುವಂಥದ್ದು ಅಲ್ಲಿ ಏನೂ ಇರಲಿಲ್ಲ. ದಿಂಬಿನ ಕವರು ಆರಿಸುತ್ತಿದ್ದೆ. ತಲೆಯ ಮೇಲಿನ ಸ್ಪೀಕರಿನಿಂದ ಒಂದು ಇಂಗ್ಲಿಷ್ ಹಾಡು ಬರತೊಡಗಿತು. ಕುಣಿಯುವವರಿಗಾಗಿಯೇ ಮಾಡಿದ, ಎದೆಗೆ ಬಡಿಯುವ ತಾಳದ ಹಾಡು. ಪಕ್ಕದಲ್ಲಿ ಸೀರೆ ನೋಡುತ್ತಿದ್ದ ಹೆಣ್ಣುಮಗಳ ತಲೆ ಅದಕ್ಕೆ ತಕ್ಕಂತೆ ಅಲ್ಲಾಡುತ್ತಿತ್ತು. ನನ್ನ ಕಣ್ಣಲ್ಲಿ ಮಾತ್ರ ನೀರು. ಕವರು ಬಿಚ್ಚಿ ತೋರಿಸುತ್ತಿದ್ದಾತ ಗಾಬರಿಯಾಗಿ, “ಯಾಕ್ರಿ ಟೀಚರ್, ರೇಟ್ ಭಾಳ ಆತೇನ್ರಿ?” ಎಂದು ಕೇಳಿದ.

ಅವನಿಗೆ ಏನು ಹೇಳುವುದು? ನಿಂತ ಕಾಲ ಮೇಲೆ ಹೇಳುವಂಥದ್ದಲ್ಲ ಅದು. ನೀವು ಕೂತು ಓದುತ್ತಿದ್ದೀರಿ, ನಿಮಗೆ ಹೇಳಬಹುದು.

ನನ್ನ ತವರು ನಿಪ್ಪಾಣಿ. ನಮ್ಮ ಮನೆಗೂ ದಸ್ತಗೀರ ಕಾಕಾನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅಪ್ಪ ತಂಬಾಕಿನ ಗೋದಾಮಿನಲ್ಲಿ, ನಮ್ಮ ಕಡೆಯ ಮಾತಿನಲ್ಲಿ ವಖಾರದಲ್ಲಿ, ಗುಮಾಸ್ತ, ಕಾಕಾ ಒಂದು ಬ್ಯಾಂಜೋ ಪಾರ್ಟಿಯ ಯಜಮಾನ. ಬ್ಯಾಂಜೋ ಎಂದರೆ ಬೇರೆ ಕಡೆಯವರಿಗೆ ಬೇರೆ ಏನೋ ಕಣ್ಣಿಗೆ ಬರಬಹುದು. ನಮ್ಮ ಕಡೆಯದು ಕಟ್ಟಿಗೆಯ ಉದ್ದನೆ ಪೆಟ್ಟಿಗೆ. ಮೇಲೆ ತಂತಿಗಳು, ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳ ಸಾಲು. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ತಂತಿ ಮೀಟುತ್ತದೆ. ಅದಕ್ಕೆ ವೈರು ಸಿಕ್ಕಿಸಿ, ಟೆಂಪೋದ ನೆತ್ತಿಗೆ ಸ್ಪೀಕರು ಕಟ್ಟಿ, ಹಿಂದೆ ಡ್ರಮ್ಮಿನವರನ್ನು ಕೂರಿಸಿಕೊಂಡು ಹೊರಟರೆ ಭೋಜದ ಮದುವೆಗೂ ಅವರೇ, ಕಾಗವಾಡದ ಮದುವೆಗೂ ಅವರೇ. ಕಾಕಾಗೆ ಸ್ವರ ಬರೆಯಲು ಬರುತ್ತಿರಲಿಲ್ಲ. ರೇಡಿಯೋ ಕೇಳಿ ಹಾಡು ಹಿಡಿಯುತ್ತಿದ್ದರು. ಮನೆಯಲ್ಲಿ ಒಂದು ಟೇಪ್ ರೆಕಾರ್ಡರೂ ಇತ್ತು. ಅದರ ಮುಚ್ಚಳ ಮುರಿದಿದ್ದರಿಂದ, ಕ್ಯಾಸೆಟ್ಟು ಹಾರದಂತೆ ಮೇಲೆ ಒಂದು ಬೀಗ ಇಡುತ್ತಿದ್ದರು.

ಬ್ಯಾಂಜೋದ ತಂತಿ ಕಡಿದಾಗೆಲ್ಲ ಕಾಕಾ ಮಿರಜಕ್ಕೆ ಹೋಗುತ್ತಿದ್ದರು. ಒಂದು ಸಲ ಅಲ್ಲಿಯ ತಂತಿ ಅಂಗಡಿಯವನು ಚಿಲ್ಲರೆ ಇಲ್ಲವೆಂದು ಹಳೆಯದೊಂದು ಕ್ಯಾಸೆಟ್ಟು ಕೈಗಿಟ್ಟನಂತೆ. ಅದರ ಮೇಲೆ ಚಿನ್ನದ ಬಣ್ಣದ ಗುಂಗುರು ಕೂದಲಿನ ಒಬ್ಬ ಹುಡುಗಿಯ ಫೋಟೋ. ನಾನಾಗ ಹೈಸ್ಕೂಲಿನಲ್ಲಿದ್ದೆ. ನಮ್ಮ ಓಣಿಯ ಇಂಗ್ಲಿಷಿಗೆಲ್ಲ ನಾನೇ ಹೊಣೆ ಎಂಬ ಜಂಬವಿತ್ತು. ಸಣ್ಣ ಅಕ್ಷರಗಳನ್ನು ಓದಿ, ಹಾಡಿದವಳು ಆಸ್ಟ್ರೇಲಿಯಾದವಳು ಎಂದು ಹೇಳಿದೆ.

ಕಾಕಾ ಕ್ಯಾಸೆಟ್ಟು ಹಾಕಿದರು. ಒಂದು ಹೆಂಗಸಿನ ದನಿ, ತೀರ ದಪ್ಪ, ತೀರ ನಿಧಾನ, ಭಾರ ಹೊತ್ತು ದಿನ್ನೆ ಏರುತ್ತಿರುವವಳ ಹಾಗೆ ಒಂದೊಂದೇ ಸ್ವರ ಎತ್ತಿಟ್ಟು ಹಾಡುತ್ತಿತ್ತು. ಕಾಕಾ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ನಾನು ಫೋಟೋದ ಮೇಲೆ ಬೆರಳಿಟ್ಟು, “ಹಾಡಿದಾಕಿ ಈಕೀನ ನೋಡ್ರಿ ಕಾಕಾ” ಎಂದೆ.

“ಹುಚ್ಚಿ, ದನಿ ಕೇಳು ಬಾಳಾ,” ಎಂದರು ಕಾಕಾ; ಮಗು ಎನ್ನಬೇಕಾದಲ್ಲೆಲ್ಲ ಅವರ ಬಾಯಲ್ಲಿ ಮರಾಠಿಯ ಬಾಳಾ. “ಇಷ್ಟು ಭಾರ ದನಿ ಈ ಪೋರಿಗೆ ಬರತೈತೇನು? ಈಕಿ ಮಗಳು. ಹಾಡಿದಾಕಿ ಈಕಿ ತಾಯಿ. ಮಗಳನ್ನ ಗಂಡನ ಮನಿಗೆ ಕಳಿಸಿ, ಬಾಗಲದಾಗ ನಿಂತು ಹಾಡಾಕತ್ತಾಳ.”

ಇಂಗ್ಲಿಷಿನ ಹೊಣೆ ಹೊತ್ತಿದ್ದ ನನಗೆ ಆ ಹಾಡಿನ ಒಂದು ಪದವೂ ತಿಳಿಯಲಿಲ್ಲ. ಆದ್ದರಿಂದ ಕಾಕಾ ಹೇಳಿದ್ದೇ ಅರ್ಥವಾಯಿತು. ಅಂದಿನಿಂದ ಆಕೆ ಕಾಕಾನ ಮುದುಕಿ. ಆಕೆಗೆ ಒಂದು ಹೆಸರಿದೆ, ಜಗತ್ತಿಗೆ ಗೊತ್ತಿರುವ ಹೆಸರು. ಆದರೆ ನಮ್ಮ ಓಣಿಯಲ್ಲಿ ಯಾರೂ ಆ ಹೆಸರಿನಿಂದ ಕರೆಯಲಿಲ್ಲ, ನಾನೂ ಈಗ ಕರೆಯಲಾರೆ. ಸಂಜೆ ವಖಾರದಿಂದ ಬಂದ ಅಪ್ಪ ಗೋಡೆಯ ಈಚೆಯಿಂದಲೇ ಕೂಗುತ್ತಿದ್ದರು: “ಏನಲೇ ದಸ್ತಗೀರಾ, ಇವತ್ತ ಏನಂತಾಳ ನಿನ್ನ ಮುದುಕಿ?”

“ಮಗಳ ಪತ್ರ ಬಂದಿಲ್ಲಂತೋ ಮಾರಾಯಾ. ಅಳಾಕತ್ತಾಳ.”

ಕಾಕಾ ಆ ಹಾಡನ್ನು ಬ್ಯಾಂಜೋಕ್ಕೆ ಇಳಿಸಿ, ಮದುವೆಗಳಲ್ಲಿ ಹೆಣ್ಣು ಕಳಿಸುವ ಹೊತ್ತಿಗೆ ಬಾರಿಸತೊಡಗಿದರು. ಡ್ರಮ್ಮಿನವರು ಕೋಲು ಕೆಳಗಿಟ್ಟು ಸುಮ್ಮನಿರಬೇಕು, ಬ್ಯಾಂಜೋ ಒಂದೇ. ಅದು ಒಂದು ಪದ್ಧತಿಯೇ ಆಗಿಹೋಯಿತು. ಮದುವೆ ಗೊತ್ತಾದ ಮನೆಯವರು ಬಂದು, “ಮುದುಕಿ ಹಾಡ ಮರೀಬ್ಯಾಡ್ರಿ ಮತ್ತ” ಎಂದು ಹೇಳಿ ಹೋಗುತ್ತಿದ್ದರು. ಹಾಡು ಮುಗಿಯುವ ತನಕ ಹೆಣ್ಣಿನ ಗಾಡಿ ಹೊರಡುವಂತಿಲ್ಲ. ಚಾಲಕ ಇಂಜಿನ್ ಬಂದ್ ಮಾಡಿ ಕೂರಬೇಕು. ಗಂಡಿನ ಕಡೆಯವರು ಎಷ್ಟೇ ಅವಸರ ಮಾಡಿದರೂ ಮುದುಕಿಗೆ ಅವಸರವಿಲ್ಲ.

ನನ್ನ ಮದುವೆಯಲ್ಲೂ ಬಾರಿಸಿದರು. ನಾನು ಜೀಪಿನಲ್ಲಿ ಕೂತಿದ್ದೆ. ಅಪ್ಪ ಅಳುವ ಮನುಷ್ಯನಲ್ಲ. ಜೀಪಿನ ಪಕ್ಕ ನಿಂತು ಕೈಗಡಿಯಾರ ಬಿಚ್ಚಿ ಕೀಲಿ ಕೊಡತೊಡಗಿದರು. ಹಾಡು ಶುರುವಾದಾಗ ಕೊಡಲು ಶುರುಮಾಡಿದವರು ಮುಗಿಯುವವರೆಗೂ ಕೊಡುತ್ತಲೇ ಇದ್ದರು. ಅಷ್ಟು ಕೀಲಿ ಯಾವ ಗಡಿಯಾರಕ್ಕೂ ಹಿಡಿಸುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಅವರ ಮುಖವನ್ನು ಫೋಟೋ ನೋಡಿ ನೆನಪು ಮಾಡಿಕೊಳ್ಳಬೇಕಾಗುತ್ತದೆ. ಆ ಬೆರಳುಗಳನ್ನು ಮಾತ್ರ ಆ ಹಾಡೇ ತಂದುಕೊಡುತ್ತದೆ.

ಇನ್ನು ಮುಂದಿನದು ಹೋದ ವರ್ಷ ಅಥಣಿಯಲ್ಲಿ ನಡೆದದ್ದು. ನನ್ನ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ಹೆಣ್ಣು ಕಾರಿನಲ್ಲಿ ಕೂತಿದ್ದಳು. ಕಾಕಾಗೆ ಈಗ ವಯಸ್ಸಾಗಿದೆ; ಟೆಂಪೋ ಹತ್ತಲಾರದೆ ಕೆಳಗೆ ಕುರ್ಚಿ ಹಾಕಿಸಿಕೊಂಡು ಬಾರಿಸುತ್ತಿದ್ದರು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ಆಗ ವರನ ಗೆಳೆಯನೊಬ್ಬ ಫೋನು ಎತ್ತಿ ಹಿಡಿದು, “ಕಾಕಾ, ಇದು ಕುಣಿಯೋ ಹಾಡ್ರಿ! ನೀವು ಸತ್ತವರ ಮನ್ಯಾಗ ಬಾರಿಸಿದಂಗ ಬಾರಿಸಾಕತ್ತೀರಲ್ಲ! ಕೇಳ್ರಿಲ್ಲೆ” ಎಂದು ಮೂಲ ಹಾಡು ಹಚ್ಚಿದ. ಅದೇ ಸ್ವರಗಳು, ಆದರೆ ಓಡುತ್ತ, ಜಿಗಿಯುತ್ತ, ಕಿಲಕಿಲನೆ ನಗುತ್ತ. ಹಾಡುತ್ತಿದ್ದವಳು ಫೋಟೋದ ಆ ಹುಡುಗಿಯೇ. ಅನುಮಾನವೇ ಇಲ್ಲ. ನಾಲ್ಕು ಜನ ಕುಣಿಯತೊಡಗಿದರು. ಕಾರಿನಲ್ಲಿ ಅಳುತ್ತಿದ್ದ ಹೆಣ್ಣೂ ನಕ್ಕಳು. ಕಾರು ಹೊರಟೇಹೋಯಿತು.

ಕಾಕಾ ನಡುವಿಗೇ ನಿಲ್ಲಿಸಿದ್ದರು. ತಂತಿಗಳ ಮೇಲೆ ಅಂಗೈ ಇಟ್ಟರು. ಆಮೇಲೆ ವೈರು ಬಿಚ್ಚಿ, ಬ್ಯಾಂಜೋಕ್ಕೆ ಬಟ್ಟೆ ಸುತ್ತಿದರು. ಯಾರ ಮೇಲೂ ಸಿಟ್ಟು ಮಾಡಲಿಲ್ಲ. ನಾನು ನೋಡುತ್ತ ನಿಂತಿದ್ದೆ. ಅಪ್ಪ ಕೀಲಿ ಕೊಟ್ಟದ್ದು ಯಾವ ಹಾಡಿಗೆ ಹಾಗಾದರೆ? ಇಷ್ಟು ವರ್ಷ ನಾನು ಅತ್ತದ್ದು ಯಾರ ಜೊತೆಗೆ?

ಆ ಮೇಲೆ ಕಾಕಾ ಬ್ಯಾಂಜೋ ಮುಟ್ಟಲಿಲ್ಲ.

ನಾನು ಸುಮ್ಮನಿರುವ ಜಾತಿಯವಳಲ್ಲ. ಅಳು ಒಣಗಿದ ಮೇಲೆ ಕುತೂಹಲ ಹುಟ್ಟಿತು. ಶಾಲೆಯ ಬಿಡುವಿನಲ್ಲಿ ಫೋನಿನಲ್ಲಿ ಆಕೆಯ ಬದುಕನ್ನು ಹುಡುಕಿ ಹುಡುಕಿ ಓದಿದೆ. ಹುಟ್ಟಿದ್ದು ಕುರಿ ಸಾಕುವವರ ಒಂದು ಒಣ ಊರಿನಲ್ಲಿ. ತಂದೆ ನೀರಿನ ಪಂಪು ರಿಪೇರಿ ಮಾಡುತ್ತಿದ್ದ. ಈ ವಿವರ ಓದಿದಾಗ ಅವಳು ನಮ್ಮ ಅಥಣಿಯಾಚೆಯ ಒಣ ನೆಲದ ತೆಲಸಂಗದ ಕಡೆಯವಳೇ ಇರಬೇಕು ಅನ್ನಿಸಿತು. ಗಾಲಿ ಬೂಟು ಹಾಕಿಕೊಂಡು ಜಾರಾಡುವ ಒಂದು ಮೈದಾನದಲ್ಲಿ, ಮೈಕಿನಲ್ಲಿ ಹಾಡಿ ಜಾರುವವರನ್ನು ಹುರಿದುಂಬಿಸುವುದು ಅವಳ ಮೊದಲ ಕೆಲಸ. ಅಲ್ಲಿಂದ ಪಟ್ಟಣ, ಸ್ಟುಡಿಯೋ. ಮೊದಲ ಹಾಡೇ ದೇಶ ದಾಟಿತು. ಅದೇ ನಮ್ಮ ಹಾಡು. ಅದರಲ್ಲಿ ತಾಯಿಯೂ ಇಲ್ಲ, ಬಾಗಿಲೂ ಇಲ್ಲ; ಹುಡುಗನ ಫೋನಿಗೆ ಕಾಯುತ್ತ ಕೋಣೆಯಲ್ಲಿ ಕುಣಿಯುವ ಹುಡುಗಿಯೊಬ್ಬಳಿದ್ದಾಳೆ, ಅಷ್ಟೇ. ಪತ್ರಿಕೆಗಳು ಅವಳನ್ನು ಸಕ್ಕರೆ ಗೊಂಬೆ ಎಂದವು, ಎರಡು ವರ್ಷದಲ್ಲಿ ಕರಗುತ್ತಾಳೆ ಎಂದವು. ಅವಳು ಕರಗಲಿಲ್ಲ. ಕೂದಲಿನ ಬಣ್ಣ ಬದಲಾಯಿತು, ಬಟ್ಟೆ ಬದಲಾಯಿತು, ದೊಡ್ಡ ದೊಡ್ಡ ಮೈದಾನಗಳಲ್ಲಿ ಸಾವಿರಾರು ಜನರನ್ನು ಕುಣಿಸಿದಳು. ಆಮೇಲೆ ಹೊಸಬರು ಬಂದರು. ಅಂಗಡಿಗಳ ಉದ್ಘಾಟನೆಗೆ ಹೋಗಿ ಹಾಡುವ ದಿನಗಳೂ ಬಂದವು. ಗಂಟಲಲ್ಲಿ ಗಂಟು, ಶಸ್ತ್ರಚಿಕಿತ್ಸೆ, ವರ್ಷಗಟ್ಟಲೆ ಮೌನ. ಮಕ್ಕಳಿದ್ದಾರೆಯೇ ಎಂದೂ ಹುಡುಕಿದೆ, ಕಾಕಾಗೆ ಹೇಳಲು. ಅದರ ಬಗ್ಗೆ ಎಲ್ಲೂ ಬರೆದಿರಲಿಲ್ಲ.

ಈ ಚಳಿಗಾಲದಲ್ಲಿ ಕಾಕಾನ ಮೊಮ್ಮಗಳು ರೇಷ್ಮಾಳ ಮದುವೆ ಗೊತ್ತಾಯಿತು, ರಾಯಬಾಗದ ಹುಡುಗ. ರೇಷ್ಮಾ ಡಿಪ್ಲೊಮಾ ಓದಿ ನೌಕರಿಯಲ್ಲಿರುವವಳು, ಬಾಯಿ ಜೋರು. ನಾನು ನಿಪ್ಪಾಣಿಗೆ ಹೋದ ದಿನ ಅವಳು ಹಳೆಯ ಟೇಪ್ ರೆಕಾರ್ಡರನ್ನು ಪಡಸಾಲೆಯಲ್ಲಿ ಬಿಚ್ಚಿ ಹಾಕಿಕೊಂಡು ಕೂತಿದ್ದಳು. ಒಳಗಿನಿಂದ ರಬ್ಬರಿನ ಒಂದು ಕರಿ ಬಳೆ ತೆಗೆದು ಬೆರಳಿಗೆ ಸಿಕ್ಕಿಸಿ ತೋರಿಸಿದಳು. ಅದು ಜೋಲುತ್ತಿತ್ತು.

“ಟೀಚರ್ ಅತ್ತಿ, ನೋಡ್ರಿಲ್ಲೆ. ಬೆಲ್ಟ್ ಸಡಲ ಆಗೇತಿ. ಚಕ್ರ ತಿರುಗೋದ ನಿಧಾನ ಆದಮ್ಯಾಲ ಹಾಡೂ ನಿಧಾನ, ದನೀನೂ ದಪ್ಪ. ಪೋರಿ ಮುದುಕಿ ಆದದ್ದು ಹಿಂಗ.”

ಕಾಕಾ ಗೋಡೆಗೆ ಒರಗಿ ಕೂತಿದ್ದರು. “ಹಿಂದಿ ಹಾಡ ಹಾಕಿದ್ರ ಪೆಟ್ಟಿಗಿ ಸುಸ್ತ ಆಗೇತಿ ಅಂತ ತಿಳೀತಿತ್ತು ಬಾಳಾ, ರೇಡಿಯೋದಾಗ ಕೇಳಿರತಿದ್ದೆ. ಈಕಿ ಹೆಂಗ ಓಡತಾಳಂತ ನಮಗ್ಯಾರು ಹೇಳೋರು?” ಬಿಚ್ಚಿ ಹಾಕಿದ ಪೆಟ್ಟಿಗೆಯನ್ನೇ ನೋಡುತ್ತ, “ಊರ ಮಂದೀನೆಲ್ಲಾ ಸುಳ್ಳ ಹಾಡಿಗೆ ಅಳಿಸಿದ್ನಲ್ಲ” ಎಂದರು.

“ಅಳಿಸಿದಿ ಹೌದಲ್ಲ?” ರೇಷ್ಮಾ ರಬ್ಬರು ಬಳೆಯನ್ನು ನೆಲಕ್ಕೆಸೆದಳು. “ಊರ ಹುಡುಗ್ಯಾರ್ನೆಲ್ಲ ಅಳಿಸಿ ಕಳಿಸಿ, ನನ್ನ ಒಬ್ಬಾಕಿನ್ನ ಸುಮ್ಮನ ಕಳಸ್ತಿಯೇನಜ್ಜಾ? ನಾ ಏನ್ ಪಾಪ ಮಾಡೇನಿ?”

“ರಾಯಬಾಗದ ಹುಡುಗ್ರು ನಗತಾರ ಬೇ.”

“ನಗಲಿ. ನೀ ಬಾರಸಲಿಲ್ಲಂದ್ರ ನಾ ಗಾಡಿ ಹತ್ತಂಗಿಲ್ಲ.”

ಆಗ ನಾನು ಫೋನು ತೆಗೆದೆ. ಓದುತ್ತ ಓದುತ್ತ ಕೊನೆಗೆ ಸಿಕ್ಕಿದ ಒಂದು ವಿಡಿಯೋ ಇತ್ತು. ಆ ಹಾಡುಗಾರ್ತಿ ಮೌನ ಮುರಿದು ಮತ್ತೆ ಬಂದಾಗಿನದು. ಈಗ ಅವಳ ಕೂದಲು ನರೆತಿದೆ. ಸಣ್ಣದೊಂದು ವೇದಿಕೆ; ಕುಣಿಯುವವರಿಲ್ಲ, ಒಂದು ಪಿಯಾನೋ ಇದೆ, ಅವಳು ಕುರ್ಚಿಯಲ್ಲಿ ಕೂತಿದ್ದಾಳೆ. ಗಂಟಲು ಮೊದಲಿನ ಹಾಗೆ ಜಿಗಿಯುವುದಿಲ್ಲ, ಅದಕ್ಕೇ ನಿಧಾನವಾಗಿ ಹಾಡುತ್ತೇನೆ ಎಂದು ಜನರಿಗೆ ಹೇಳಿ ಹಾಡಿದಳು. ಅದೇ ಹಾಡು.

ಕಾಕಾ ಫೋನನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದರು. ಅವರ ಎಡಗೈ ಬೆರಳುಗಳು ಮೊಣಕಾಲಿನ ಮೇಲೆ ಇಲ್ಲದ ಗುಂಡಿಗಳನ್ನು ಒತ್ತುತ್ತಿದ್ದವು. ಅವಳ ದನಿ ದಪ್ಪವಾಗಿತ್ತು, ಭಾರ ಹೊತ್ತು ದಿನ್ನೆ ಏರುವವಳ ದನಿ. ರೇಷ್ಮಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹಾಡು ಮುಗಿಯಿತು.

“ಬಂದ್ಲು,” ಎಂದರು ಕಾಕಾ. “ಹತ್ತರ ಬಂದಾಳ. ನಡುವ ಒಂದ ಕಡೆ ಅವಸರ ಮಾಡ್ಯಾಳ. ಇನ್ನೂ ಚೂರು ನಿಧಾನ ಬೇಕು.”

ಮದುವೆಯ ದಿನ ನಾನು ಕಾಕಾನ ಕುರ್ಚಿಯ ಹಿಂದೆಯೇ ನಿಂತಿದ್ದೆ. ರೇಷ್ಮಾ ಕಾರಿನಲ್ಲಿ ಕೂತು ಗಾಜು ಇಳಿಸಿದಳು. ಚಾಲಕ ಇಂಜಿನ್ ಬಂದ್ ಮಾಡಿದ. ಕಾಕಾ ಮೊದಲ ಸ್ವರ ಮೀಟಿದರು. ರಾಯಬಾಗದ ಹುಡುಗರಿಗೆ ಹಾಡು ಗುರುತು ಸಿಕ್ಕಿತು; ಒಬ್ಬ ನಗುತ್ತ ಚಿಟಿಕೆ ಹೊಡೆಯಲು ಕೈ ಎತ್ತಿದ. ಹಾಡು ಅವನ ಚಿಟಿಕೆಗೆ ಸಿಗಲಿಲ್ಲ. ಅವನು ಮುಂದಿನ ಸ್ವರಕ್ಕಾಗಿ ಕಾದ, ಮತ್ತೂ ಕಾದ, ಆಮೇಲೆ ಕೈ ಇಳಿಸಿದ.

ವಿಡಿಯೋದಲ್ಲಿ ಹಾಡುಗಾರ್ತಿ ಅವಸರ ಮಾಡಿದ ಜಾಗ ಬಂತು. ಅಲ್ಲಿ ಕಾಕಾ ಬೆರಳು ನಿಲ್ಲಿಸಿಯೇಬಿಟ್ಟರು. ತಂತಿಯ ನಾದ ಪೂರ್ತಿ ಇಳಿಯುವವರೆಗೂ ಬಿಟ್ಟು, ಆಮೇಲೆ ಮುಂದಿನ ಗುಂಡಿ ಒತ್ತಿದರು. ಒಂದೊಂದು ಸ್ವರಕ್ಕೂ ಹಾಗೆಯೇ. ಬ್ಯಾಂಜೋದ ಕಡೆ ಅವರ ನೋಟವಿರಲಿಲ್ಲ, ಕಾರಿನ ಕಿಟಕಿಯಲ್ಲಿತ್ತು. ಆಗ ನನಗೆ ಹೊಳೆಯಿತು. ಹಾಡು ಮುಗಿಯುವ ತನಕ ಗಾಡಿ ಹೊರಡುವಂತಿಲ್ಲ. ಕಾಕಾ ಮುದುಕಿಯನ್ನು ಎಷ್ಟು ನಿಧಾನ ಮಾಡುತ್ತಾರೋ ಅಷ್ಟು ಹೊತ್ತು ಮೊಮ್ಮಗಳು ನಮ್ಮ ಓಣಿಯಲ್ಲೇ ಇರುತ್ತಾಳೆ. ನನ್ನ ಮದುವೆಯಲ್ಲೂ ಹೀಗೇ ಬಾರಿಸಿದ್ದರೇ? ಅಪ್ಪನಿಗೆ ಅದು ಗೊತ್ತಿತ್ತೇ? ಕೀಲಿ ಕೊಟ್ಟು ಮುಗಿಸದೆ ನಿಂತದ್ದು ಅದಕ್ಕೆಯೇ? ಕೇಳಲು ಅಪ್ಪನಿಲ್ಲ. ಕಾಕಾನನ್ನು ನಾನು ಕೇಳಲಿಲ್ಲ.

ಕೊನೆಯ ಸ್ವರದ ಮೊದಲು ರೇಷ್ಮಾ ಕಿಟಕಿಯಿಂದ ಕೈ ಚಾಚಿ, “ಅಜ್ಜಾ, ಮುಗಸು. ಹೋಗಿ ಬರ್ತೇನಿ” ಎಂದಳು. ಅಳುತ್ತಿದ್ದಳು. ಕಾಕಾ ಮುಗಿಸಿದರು.

ಬಟ್ಟೆ ಅಂಗಡಿಯಲ್ಲಿ ಹಾಡು ಇನ್ನೂ ನಡೆದಿತ್ತು. ಕವರಿನವನು ಒಂದು ಲೋಟ ನೀರು ತಂದುಕೊಟ್ಟ. “ಬ್ಯಾರೆ ಹಾಡ ಹಚ್ಚಲೇನ್ರಿ ಟೀಚರ್?”

“ಬ್ಯಾಡಪ್ಪಾ. ಇದ ಮುಗೀಲಿ.”

ಅದು ಬಹಳ ಬೇಗ ಮುಗಿಯಿತು. ಕಣ್ಣೊರೆಸಿಕೊಂಡು ಕೆಳಗೆ ನೋಡಿದರೆ ನನ್ನ ಬಲಗಾಲು, ಚಪ್ಪಲಿಯೊಳಗೆ, ಆ ಗುಂಗುರು ಕೂದಲಿನ ಹುಡುಗಿಯ ವೇಗಕ್ಕೇ ತಾಳ ಹಾಕುತ್ತಿತ್ತು.