ಗುಲಾಬಿ ಬಣ್ಣದ ಚೀಟಿ

ಇದನ್ನು ಬರೆಯಬೇಕೆಂದುಕೊಂಡು ಬಹಳ ವರ್ಷಗಳಾದವು. ಮೊದಲು ನಿವೃತ್ತಿಯಾಗಲಿ ಎಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದುಕೊಂಡೆ. ಪೊರೆ ತೆಗೆಸಿಯೂ ಆರು ವರ್ಷವಾಯಿತು. ಈಗ ಎಲ್ಲವೂ ಚೆನ್ನಾಗಿ ಕಾಣುತ್ತದೆ, ಅದೇ ತೊಂದರೆ.

ಅರವತ್ತರ ದಶಕದ ನಡುವೆ ನಾನು ಹುಣಸೂರಿನಲ್ಲಿ ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿ ಮನೆಯಲ್ಲಿ ಕುಳಿತಿದ್ದೆ. ಸೋಮಾರಿಯಾಗಿ ಅಲ್ಲ. ನನ್ನ ಬದುಕಿನ ಬಗ್ಗೆ ದೇವರ ಉದ್ದೇಶವೇನೆಂದು ತಿಳಿಯಲು ಕಾಯುತ್ತಿದ್ದೆ. ಹಾಗೆ ಕಾಯುವವನಿಗೆ ಸೌದೆ ಒಡೆ ಎಂದು ಹೇಳುವುದು ಕ್ರೈಸ್ತರ ಮನೆಯಲ್ಲಿ ಸುಲಭವಲ್ಲ. ಅಪ್ಪ ತೀರಿಕೊಂಡಿದ್ದರು. ಅವ್ವನೂ ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕನೂ ಊರಾಚೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಕೂಲಿಗೆ ಹೋಗುತ್ತಿದ್ದರು. ದಿನವೆಲ್ಲ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಸಂಜೆ ಬರುವಾಗ ಅವರ ಬೆರಳುಗಳು ಅಂಟಿನಿಂದ ಕಪ್ಪಾಗಿರುತ್ತಿದ್ದವು. ನಮ್ಮ ಸಭೆಯಲ್ಲಿ ಬೀಡಿ ಸೇದುವುದು ಪಾಪ, ಹೊಗೆಸೊಪ್ಪು ಕಟ್ಟುವುದು ದೇವರು ಕೊಟ್ಟ ಕೆಲಸ. ಇದರಲ್ಲಿ ಯಾರಿಗೂ ಗೊಂದಲವಿರಲಿಲ್ಲ.

"ಏನಂದ್ರು ದೇವ್ರು ಇವತ್ತು?" ಅಕ್ಕ ಬಾಗಿಲಲ್ಲೇ ಕೇಳುತ್ತಿದ್ದಳು.

"ಇನ್ನೂ ಏನಿಲ್ಲ ಅಕ್ಕ."

"ಕೇಳುಸ್ಕೋ ಕಣ್ಲಾ, ನಿದಾನುಕ್ಕೆ ಕೇಳುಸ್ಕೋ. ಒಂದ್ ಬಿಂದ್ಗೆ ನೀರ್ಗೀರು ತರಾಕೋಗ್ಬುಟ್ಟೀಯ. ಆ ಸದ್ದಿಗೆ ದೇವ್ರು ಕೂಗಿದ್ದು ಕೇಳ್ದಂಗಾಯ್ತದೆ."

ಅವಳಿಗೆ ಒಂದು ಆಸೆಯಿತ್ತು. ಅದನ್ನು ಉದ್ದೇಶ ಎಂದು ನಾವು ಕರೆಯುತ್ತಿರಲಿಲ್ಲ. ಉದ್ದೇಶವಿರುವುದು ಗಂಡಸರಿಗೆ, ಹೆಣ್ಣುಮಕ್ಕಳಿಗೆ ಇರುವುದು ಬರೀ ಆಸೆ. ಎಂಟನೆಯ ಕ್ಲಾಸು ಓದಿದ್ದ ಅವಳು ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ತರಬೇತಿಗೆ ಸೇರಬೇಕೆಂದಿದ್ದಳು. ಅದಕ್ಕೆ ನಮ್ಮ ಪಾದ್ರಿಗಳ, ಅಂದರೆ ನಾವು ಅಯ್ಯನವರು ಎನ್ನುತ್ತಿದ್ದವರ, ಶಿಫಾರಸು ಪತ್ರ ಬೇಕಿತ್ತು. ನಾನು ಸುವಾರ್ತೆ ಸಾರುವ ತರಬೇತಿಗೆ ಹೋಗುವುದಾದರೂ ಅದೇ ಪತ್ರವೇ ಬೇಕು. ಅಯ್ಯನವರು ವರ್ಷಕ್ಕೆ ಒಬ್ಬರಿಗೆ ಮಾತ್ರ ಅದನ್ನು ಕೊಡುತ್ತಿದ್ದರು, ಅದೂ ಹೊಸ ವರ್ಷದ ಚೀಟಿಯಲ್ಲಿ ಕರೆ ಬಂದವರಿಗೆ.

ವರ್ಷದ ಮೊದಲ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ತಟ್ಟೆಯಲ್ಲಿ ಮಡಿಸಿದ ಚೀಟಿಗಳು ಬರುತ್ತಿದ್ದವು. ಒಂದೊಂದರಲ್ಲೂ ಒಂದೊಂದು ವಚನ. ಕಣ್ಣು ಮುಚ್ಚಿ ಎತ್ತಿಕೊಳ್ಳಬೇಕು. ಆ ವರ್ಷವಿಡೀ ದೇವರು ನಿಮಗೆ ಹೇಳುವ ಮಾತು ಅದೇ. ಮುಂದಿನ ಭಾನುವಾರ ಎಲ್ಲರೆದುರು ಎದ್ದು ಓದಬೇಕು. ಆ ಸಲ ಅಯ್ಯನವರ ಹೆಂಡತಿ ಗಂಡಸರ ಚೀಟಿಗಳನ್ನು ಬಿಳಿ ಕಾಗದದಲ್ಲಿ ಬರೆದು, ಹೆಂಗಸರದ್ದಕ್ಕೆ ಕ್ರಿಸ್‌ಮಸ್ ತೋರಣದಲ್ಲಿ ಉಳಿದ ಗುಲಾಬಿ ಬಣ್ಣದ ಕಾಗದ ಕತ್ತರಿಸಿದ್ದರು.

ಸುಮ್ಮನೆ ಮನೆಯಲ್ಲಿದ್ದು ಕೈಯಾರೆ ದುಡಿದು ತಿನ್ನು ಎಂಬರ್ಥದ ವಚನ ನನ್ನ ಬಿಳಿ ಚೀಟಿಯಲ್ಲಿತ್ತು. ದೇವರು ಇಷ್ಟು ನೇರವಾಗಿ ಮಾತಾಡುತ್ತಾನೆಂದು ನಾನು ಎಣಿಸಿರಲಿಲ್ಲ. ಅಕ್ಕನದು ಹೆಸರು ಹಿಡಿದು ಕರೆದು, ಕಳಿಸಿದಲ್ಲಿಗೆ ಹೊರಡು ಎನ್ನುವಂಥದ್ದು. ಚರ್ಚಿನ ಮೆಟ್ಟಿಲ ಮೇಲೆ ಅದನ್ನು ತೋರಿಸಿ, "ಬಂತಲ್ಲ ಕಣ್ಲಾ," ಎಂದಳು. ಅಷ್ಟೇ. ಸೀರೆಗೆ ಜೇಬಿಲ್ಲವಲ್ಲ. "ನಿನ್ ತಾವೇ ಮಡಿಕೊಂಡಿರು. ನನ್ ಕೈಲಿದ್ರೆ ಅಂಟಾಯ್ತದೆ," ಎಂದು ನನ್ನ ಅಂಗಿಯ ಜೇಬಿಗೆ ತುರುಕಿದಳು.

ಒಂದು ವಾರ ಎರಡು ಚೀಟಿಗಳೂ ನನ್ನ ಬಳಿಯಿದ್ದವು. ದೇವರು ಎರಡನ್ನೂ ಒಂದೇ ಜೇಬಿಗೆ ಯಾಕೆ ಹಾಕಿಸಿದ ಎಂದು ಯೋಚಿಸಿದೆ. ಇದರಲ್ಲೇನೋ ಸೂಚನೆಯಿರಬೇಕು. ಮೂರು ದಿನ ಮೊಣಕಾಲೂರಿ ಪ್ರಾರ್ಥಿಸಿದೆ. ನಾಲ್ಕನೆಯ ದಿನ ದೇವರು ನನ್ನ ಅಭಿಪ್ರಾಯಕ್ಕೆ ಒಪ್ಪಿದ.

ಭಾನುವಾರ ಚರ್ಚಿನ ಬಾಗಿಲಲ್ಲಿ ಅಕ್ಕ ಚೀಟಿ ಕೇಳಿದಳು. ಅವಳ ಕೀರ್ತನೆ ಪುಸ್ತಕದೊಳಗೆ ಒಂದನ್ನು ಇಟ್ಟು ಕೊಟ್ಟೆ. ಅವಳು ಹೆಂಗಸರ ಚಾಪೆಗೆ ಹೋದಳು, ನಾನು ಗಂಡಸರ ಚಾಪೆಗೆ. ನನ್ನ ಸರದಿ ಬಂದಾಗ ಗುಲಾಬಿ ಚೀಟಿಯನ್ನು ಕೀರ್ತನೆ ಪುಸ್ತಕದ ಮರೆಯಲ್ಲಿಟ್ಟುಕೊಂಡು ದನಿ ನಡುಗಿಸಿ ಓದಿದೆ. ಅಯ್ಯನವರು ಕಣ್ಣೊರೆಸಿಕೊಂಡರು.

ಹೆಂಗಸರ ಸರದಿ ಬಂತು. ಅಕ್ಕ ಪುಸ್ತಕ ತೆರೆದು ಬಿಳಿ ಚೀಟಿಯನ್ನು ನೋಡಿದಳು. ಅಲ್ಲಿಂದಲೇ ನನ್ನನ್ನು ನೋಡಿದಳು, ಹೆಚ್ಚು ಹೊತ್ತಲ್ಲ. ಎದ್ದು ನಿಂತು, ಮನೆಯಲ್ಲಿದ್ದು ಕೈಯಾರೆ ದುಡಿಯಬೇಕೆಂಬ ಆ ವಚನವನ್ನು ಒಂದಕ್ಷರ ತಪ್ಪದೆ ಓದಿದಳು.

"ಯಾರಿಗೆ ಏನು ತಕ್ಕದ್ದೋ ಅದನ್ನೇ ದೇವರು ಕೊಡುತ್ತಾನೆ, ನೋಡಿ," ಎಂದರು ಅಯ್ಯನವರು.

ಚೀಟಿ ಕತ್ತರಿಸಿದ ಅವರ ಹೆಂಡತಿ ಅಕ್ಕನ ಪಕ್ಕದಲ್ಲೇ ಕುಳಿತಿದ್ದರು. ಆ ಬಿಳಿ ಕಾಗದವನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ, ಮುಂದಿನ ಕೀರ್ತನೆಯ ಪುಟ ಹುಡುಕತೊಡಗಿದರು.

ಮನೆಗೆ ಹೋಗುವಾಗ ಅವ್ವ ಸಂತೋಷದಿಂದ ಮುಂದೆ ಮುಂದೆ ನಡೆಯುತ್ತಿದ್ದಳು. ಅಕ್ಕ ಹೇಳಿದಳು, "ಚೆಂದಾಗ್ ಓದ್ದೆ ಕಣ್ಲಾ. ಸ್ವಂತುಕ್ಕೆ ಬಂದಿದ್ದೇ ಅನ್ನಂಗಿತ್ತು."

"ಅಕ್ಕ, ನೀನು ಅಲ್ಲೇ ಯಾಕೆ..."

"ಏಳ್ಬುಟ್ಟಿದ್ರೆ ಅವ್ವ ಬರೋ ವಾರ ಎಂಗೆ ಚರ್ಚಿಗೆ ಬರೋಳು? ನಡಿ, ಇಟ್ಟು ಬೇಯಾಕಿಕ್ಬೇಕು."

ಜೇಬಿಗೆ ಕೈಹಾಕಿದಾಗ ತಪ್ಪು ಚೀಟಿ ಬಂತು, ಅದೂ ದೇವರ ಚಿತ್ತವಿರಬೇಕು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಬಿಳಿಗೂ ಗುಲಾಬಿಗೂ ವ್ಯತ್ಯಾಸ ಕಾಣದಷ್ಟು ಪೊರೆ ಆಗ ನನ್ನ ಕಣ್ಣಿಗಿರಲಿಲ್ಲ.

ಪತ್ರ ನನಗೆ ಸಿಕ್ಕಿತು. ತರಬೇತಿ ಮುಗಿಸಿದ ಮೇಲೆ ಎಚ್.ಡಿ. ಕೋಟೆಯ ಕಾಡಂಚಿನ ಒಂದು ಗಿರಿಜನ ಹಾಡಿಗೆ ನನ್ನನ್ನು ಕಳಿಸಿದರು. ಗೆಣಸು ಅಗೆದು, ಕೂಲಿ ಮಾಡಿ ಬದುಕುವ ಹತ್ತಿಪ್ಪತ್ತು ಗುಡಿಸಲುಗಳ ಜನ. ಅವರಿಗೆ ಬದುಕಿನ ಉದ್ದೇಶ ತಿಳಿಸಿಕೊಡುವ ಕೆಲಸ ನನ್ನದು. ಒಂದು ಮಧ್ಯಾಹ್ನ ಒಬ್ಬ ತಾಯಿ ಗುಡಿಸಲಿಗೆ ಕರೆದಳು. ಹೆತ್ತು ಎರಡು ದಿನವಾಗಿದ್ದ ಮಗಳು ಜ್ವರದಲ್ಲಿ ಬಿದ್ದಿದ್ದಳು.

"ಮದ್ದು ತಂದಿದ್ದೀಯಾ?"

"ಇಲ್ಲಮ್ಮ, ಪ್ರಾರ್ಥನೆ ಮಾಡ್ತೀನಿ."

"ಮಾಡಪ್ಪ, ಬ್ಯಾಡ ಅನ್ನಾಕಿಲ್ಲ. ಮದ್ದು ಗೊತ್ತಿರೋರ್ನ ಕಳ್ಸಿ ಅಂದಿದ್ದೋ ನಾವು. ನಿನ್ನ ಕಳ್ಸವ್ರೆ."

ಮಗಳನ್ನು ಗಾಡಿಯಲ್ಲಿ ಕೋಟೆಯ ಆಸ್ಪತ್ರೆಗೆ ಸಾಗಿಸಿದರು. ಬದುಕಿದಳು, ನನ್ನಿಂದಲ್ಲ. ಗಾಡಿ ಹೋದ ಮೇಲೆ ಗುಡಿಸಲ ಮುಂದೆ ಬಹಳ ಹೊತ್ತು ನಿಂತಿದ್ದೆ. ಆ ಗುಲಾಬಿ ಚೀಟಿಯ ವಿಳಾಸ ಇದೇ ಎಂದು ನನಗೆ ಅವತ್ತು ಗೊತ್ತಾಯಿತು. ಚೀಟಿ ಸರಿಯಾಗಿಯೇ ಬಂದು ತಲುಪಿತ್ತು, ಮನುಷ್ಯ ಮಾತ್ರ ಬೇರೆ.

ಎರಡು ವರ್ಷಕ್ಕೆ ಆ ಕೆಲಸ ಬಿಟ್ಟು ಪಿರಿಯಾಪಟ್ಟಣದ ಒಂದು ಶಾಲೆಯಲ್ಲಿ ಗುಮಾಸ್ತನಾದೆ. ಆದರೂ ಭಾನುವಾರಗಳಲ್ಲಿ ಯುವಕರಿಗೆ ಬದುಕಿನ ಉದ್ದೇಶ ಕಂಡುಕೊಳ್ಳುವ ಬಗೆ ಎಂದು ಉಪನ್ಯಾಸ ಕೊಡುತ್ತಿದ್ದೆ. ಕೃಷ್ಣರಾಜನಗರದಿಂದಲೂ ಕರೆ ಬರುತ್ತಿತ್ತು. ಎಲ್ಲರೂ ಹೊಗಳುತ್ತಿದ್ದರು. ಚೀಟಿಯ ಕಥೆಯನ್ನು ನಾನು ಬಹಳ ಚೆನ್ನಾಗಿ ಹೇಳುತ್ತಿದ್ದೆ, ಬಣ್ಣವೊಂದನ್ನು ಬಿಟ್ಟು.

ಎಪ್ಪತ್ತರ ದಶಕದ ಒಂದು ಕ್ರಿಸ್‌ಮಸ್‌ಗೆ ಹುಣಸೂರಿಗೆ ಹೋದೆ. ಅವ್ವ ಆಗಲೇ ಇರಲಿಲ್ಲ. ಅಕ್ಕ ಇನ್ನೂ ಸೊಪ್ಪು ಕಟ್ಟಲು ಹೋಗುತ್ತಿದ್ದಳು. ನಾನು ಕುಳಿತಿದ್ದ ಅರ್ಧ ಗಂಟೆಯಲ್ಲಿ, ಕಾಲಿಗೆ ಕುಡುಗೋಲು ತಗುಲಿಸಿಕೊಂಡ ಒಬ್ಬ, ಮಗುವಿಗೆ ಭೇದಿ ಎಂದು ಒಬ್ಬಳು, ಹೀಗೆ ಇಬ್ಬರು ಅವಳನ್ನು ಹುಡುಕಿಕೊಂಡು ಬಂದರು. ಅವಳು ಗಾಯ ತೊಳೆದು ಬಟ್ಟೆ ಕಟ್ಟಿದಳು. ಉಪ್ಪು ಸಕ್ಕರೆ ನೀರು ಕುಡಿಸುವುದು ಹೇಗೆಂದು ತೋರಿಸಿಕೊಟ್ಟಳು. ಯಾವ ಪತ್ರವೂ ಇಲ್ಲದೆ ಎಷ್ಟು ಕಲಿಯಲಾದೀತೋ ಅಷ್ಟು ಕಲಿತಿದ್ದಳು. ನಾನು ಧೈರ್ಯ ಮಾಡಿ, "ಅಕ್ಕ, ಅವತ್ತು ಆ ಚೀಟಿ..." ಎಂದೆ.

"ಕಾಪಿ ಆರೋಯ್ತದೆ, ಕುಡಿ," ಎಂದಳು.

ಕಾಫಿ ಬಿಸಿಯಾಗಿಯೇ ಇತ್ತು. ನಾನು ಅದನ್ನೇ ಕ್ಷಮೆ ಎಂದುಕೊಂಡು, ನಾಲಿಗೆ ಸುಟ್ಟುಕೊಂಡು ಕುಡಿದು, ಮೂರು ಗಂಟೆಯ ಬಸ್ಸಿಗೆ ಹೊರಟುಬಿಟ್ಟೆ. ಎರಡು ವರ್ಷದ ನಂತರ ಅವಳು ತೀರಿಕೊಂಡಳು. ಸಮಾಧಿಯ ಕಲ್ಲಿಗೆ ವಚನ ಆರಿಸುವ ಕೆಲಸ, ಓದಿದವನೆಂದು, ನನಗೇ ಬಂತು. ಎರಡರಲ್ಲಿ ಯಾವುದನ್ನು ಕೆತ್ತಿಸಬೇಕೆಂದು ತಿಳಿಯಲಿಲ್ಲ. ಅಲ್ಲಿ ಈಗಲೂ ಹೆಸರು, ಇಸವಿ ಅಷ್ಟೇ ಇವೆ.

ದೇವರ ಬಳಿ ಈ ಪಾಪವನ್ನು ಎಷ್ಟು ಸಲ ಒಪ್ಪಿಕೊಂಡಿದ್ದೇನೋ ಲೆಕ್ಕವಿಲ್ಲ. ಅದು ಸುಲಭ, ಅವನು ಆಚೆಯ ಚಾಪೆಯಿಂದ ತಿರುಗಿ ನೋಡುವುದಿಲ್ಲ. ಅಯ್ಯನವರಿಗೆ ಕಾಗದ ಬರೆದು ಕ್ಷಮೆ ಕೇಳಿದೆ. ಹಾಡಿಗೆ ಹೋಗಿ ಆ ತಾಯಿಯನ್ನೂ ಕೇಳಿದೆ. ಅವಳಿಗೆ ನನ್ನ ಗುರುತೇ ಸಿಗಲಿಲ್ಲ. ಕೇಳದೆ ಉಳಿದದ್ದು ಒಬ್ಬಳನ್ನು ಮಾತ್ರ, ನನ್ನ ಅಕ್ಕನನ್ನು.