ಪಾಲಿಶ್ ಹಲಗೆಯೋ, ಬರೀ ಹಲಗೆಯೋ

ರಬಕವಿಯ ನಮ್ಮ ಮನೆಯ ಮಹಡಿ ಕೋಣೆಗೆ ಸಾಗವಾನಿ ಹಲಗೆಯ ನೆಲ ಹಾಸಬೇಕಿತ್ತು. ಅಂಬೆಗಾಲಿಡುವ ಮಗಳ ಮೊಣಕಾಲಿಗೆ ಸಿಬಿರು ಚುಚ್ಚಬಾರದು ಎಂಬುದೊಂದೇ ನನ್ನ ಚಿಂತೆ.

ಜಮಖಂಡಿಯ ಕಟ್ಟಿಗೆ ಅಂಗಡಿಯವರು ಪಾಲಿಶ್ ಆಗಿಯೇ ಬಂದ ಹಲಗೆ ತೋರಿಸಿದರು. "ಹಾಸಿದ ದಿನಾನ ಓಡಾಡ್ರಿ ಅಕ್ಕಾರ. ಬರೀ ಹಲಿಗಿ ಒಯ್ದರ ಬಡಿಗ್ಯಾ ನಿಮ್ಮ ಮನ್ಯಾಗ ಬಿಡಾರ ಹೂಡ್ತಾನ."

ನಾವು ನೇಕಾರರು. ಮಗ್ಗದ ಕಟ್ಟಿಗೆ ನುಣುಪಾಗಿದೆಯೇ ಎಂದು ರೇಷ್ಮೆ ಎಳೆ ಎಳೆದು ನೋಡುವವರು. ಸೆರಗಿನಿಂದ ಒಂದೆಳೆ ಬಿಚ್ಚಿ ಹಲಗೆಯ ಮೇಲೆ ಎಳೆದೆ, ಎಲ್ಲೂ ಸಿಕ್ಕಲಿಲ್ಲ. ಎರಡು ಹಲಗೆ ಜೋಡಿಸಿ ಎಳೆದೆ. ಒಂದರ ಅಂಚು ಕೂದಲೆಳೆಯಷ್ಟು ಮೇಲಿತ್ತು. ಅಲ್ಲಿ ಸಿಕ್ಕಿ ಹರಿಯಿತು.

"ಹಲಿಗಿ ಒಯ್ಯಾಕ ಬಂದೀರೋ, ಸೀರಿ ಬಿಚ್ಚಿ ಹಾಕಾಕ ಬಂದೀರೋ?"

"ನನ್ನ ಮಗಳು ಒಂದ ಹಲಿಗಿ ಮ್ಯಾಲ ಆಡೂದಿಲ್ರಿ. ಹಾಸಿದ ಮ್ಯಾಲ ಈ ಅಂಚು ತಗಸ್ತೀರೇನು?"

"ಹತ್ತರಿ ಹೊಡದು ಅಂಚು ಹೆರದ್ರ ಪಾಲಿಶ್ ಹೋಗತೈತ್ರಿ," ಎಂದು ಅವರೇ ಒಪ್ಪಿಕೊಂಡರು.

ಬರೀ ಹಲಗೆಯನ್ನೇ ಒಯ್ದೆ. ಬಡಿಗ ಅದನ್ನು ಹಾಸಿ, ಹತ್ತರಿ ಹೊಡೆದು ಸಮ ಮಾಡಿ, ಎರಡು ಸಲ ಅಗಸೆ ಎಣ್ಣೆ ಹಚ್ಚಿದ. ಅದು ಒಣಗುವವರೆಗೂ ಮಗಳನ್ನು ಕೆಳಗೇ ಹಿಡಿದಿಟ್ಟುಕೊಂಡೆ. ಕೊನೆಗೆ ಆ ನುಣುಪು ನೆಲದ ಮೇಲೆ ಬಿಟ್ಟರೆ ಅವಳು ಮೊಣಕಾಲೂರಲೇ ಇಲ್ಲ. ಗೋಡೆ ಹಿಡಿದು ಎದ್ದು ನಡೆದುಬಿಟ್ಟಳು.