ಮೊದಲ ಬಹುಮಾನದ ಚಿತ್ರದ ಮುಂದೆ

ನನ್ನ ಕಾಲಿಗೆ ಚಕ್ರ ಕಟ್ಟಿದೆ ಎಂದು ನಮ್ಮ ಮನೆಯಲ್ಲೇ ಇದ್ದ ಸೋದರತ್ತೆ ಬೈಯುತ್ತಿದ್ದರು. ನಿಜ ಹೇಳಬೇಕೆಂದರೆ ಇಪ್ಪತ್ತು ತುಂಬುವವರೆಗೂ ನಾನು ತುಮಕೂರು ದಾಟಿದವಳಲ್ಲ. ಯಶವಂತಪುರದ ನಮ್ಮ ಹಿತ್ತಲ ಆಚೆಗೇ ರೈಲು ಹೋಗುತ್ತಿತ್ತು. ದಿನವಿಡೀ ಬೇರೆಯವರು ಎಲ್ಲೆಲ್ಲಿಗೋ ಹೋಗುವುದನ್ನು ನೋಡಿ ನೋಡಿ ನನಗೆ ಹೊಟ್ಟೆಕಿಚ್ಚು.

ಅರವತ್ತರ ದಶಕದ ಮೊದಲ ವರ್ಷಗಳವು. ಮಲ್ಲೇಶ್ವರದ ಸಭಾಂಗಣವೊಂದರಲ್ಲಿ ಬಹುಮಾನ ಬಂದ ಪ್ರವಾಸದ ಫೋಟೋಗಳ ಪ್ರದರ್ಶನ ನಡೆದಿತ್ತು. ಹೋಗೋಣ ಎಂದು ಅಪ್ಪನನ್ನೂ ನನ್ನನ್ನೂ ಅತ್ತೆಯೇ ಹೊರಡಿಸಿದಾಗ ನನಗೆ ಅನುಮಾನ ಬರಬೇಕಿತ್ತು. ಗಂಡಿನ ಕಡೆಯವರು ಮನೆಗೆ ಬಂದು ಉಪ್ಪಿಟ್ಟು ತಿಂದು ಬೇಡವೆಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಮೊದಲು ಗುಡಿಯಲ್ಲೋ ಜನ ಸೇರುವ ಇನ್ನೆಲ್ಲೋ ಹುಡುಗಿಯನ್ನು ದೂರದಿಂದ ತೋರಿಸಿಬಿಡುವ ರೂಢಿ ನಮ್ಮಲ್ಲಿತ್ತು. ಒಪ್ಪದಿದ್ದರೆ ಯಾರೂ ಯಾರನ್ನೂ ನೋಡಿಯೇ ಇಲ್ಲ. ಗುರುತಿಗೆ ನನ್ನ ನೀಲಿ ಸೀರೆ. ಜಾಗ, ಮೊದಲ ಬಹುಮಾನದ ಚಿತ್ರದ ಮುಂದೆ. ಇದನ್ನೆಲ್ಲ ಅತ್ತೆ ಬಾಯಿಬಿಟ್ಟದ್ದು ಜಟಕಾ ಇಳಿಯುವಾಗ.

“ಅಲ್ಲೇ ನಿಂತ್ಕೊ. ಅವ್ರು ಯಾವ್ ಕಡೆಯಿಂದ ನೋಡ್ತಾರೋ ಏನೋ. ಕೋತಿ ಥರ ಆಡ್ಬೇಡ,” ಎಂದು ಹೇಳಿ, ಅಪ್ಪನ ಜೊತೆ ಬಾಗಿಲ ಬಳಿಯ ಕುರ್ಚಿಗಳಲ್ಲಿ ಕುಳಿತರು.

ಮೊದಲ ಬಹುಮಾನ ಒಂದು ಹಿಮದ ಬೆಟ್ಟಕ್ಕೆ ಬಂದಿತ್ತು. ಚೆನ್ನಾಗಿಯೇ ಇತ್ತು, ಆದರೆ ಒಂದೇ ಬೆಟ್ಟವನ್ನು ಎಷ್ಟು ಹೊತ್ತು ನೋಡುವುದು? ಯಾರ ಕಣ್ಣು ನನ್ನ ಮೇಲಿದೆಯೋ ತಿಳಿಯದೆ ಮತ್ತೆ ಮತ್ತೆ ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ದೂರದ ಮೂಲೆಯಿಂದ ಯಾರೋ, “ಸಮುದ್ರದ ಮೇಲೆ ರೈಲು ನೋಡ್ರೀ ಇಲ್ಲಿ!” ಎಂದರು. ನನಗೆ ತಡೆಯಲಾಗಲಿಲ್ಲ, ಹೋಗಿಬಿಟ್ಟೆ. ರಾಮೇಶ್ವರದ ಸೇತುವೆ, ಎರಡೂ ಕಡೆ ಬರೀ ನೀರು. ಕಿಟಕಿಯಿಂದ ಮುಖ ಹೊರಗಿಟ್ಟ ಒಬ್ಬ ಹೆಂಗಸಿನ ಕೂದಲು ಗಾಳಿಗೆ ಹಾರುತ್ತಿತ್ತು. ಅವಳ ಮೇಲಿನ ಅಸೂಯೆಗೆ ನನ್ನ ಕಣ್ಣಲ್ಲಿ ನೀರು ಬಂತು. ಅಲ್ಲಿಂದ ಮರಳುಗಾಡು, ಕಾಶ್ಮೀರದ ದೋಣಿ ಎಂದು ಒಂದನ್ನೂ ಬಿಡದೆ ನೋಡಿದೆ.

ವಾಪಸು ಬಂದಾಗ ಅತ್ತೆ ಯಾರೊಂದಿಗೋ ಹರಟುತ್ತಿದ್ದರು. ಬೆಟ್ಟದ ಮುಂದೆ ನೀಲಿ ಸೀರೆ ಉಟ್ಟ, ಕನ್ನಡಕದ ಹುಡುಗಿಯೊಬ್ಬಳು ಕೈಕಟ್ಟಿ ನಿಂತಿದ್ದಳು.

ವಾರದೊಳಗೆ, ಸಂಬಂಧ ತಂದಿದ್ದ, ನನ್ನನ್ನು ಅದುವರೆಗೂ ನೋಡಿರದ ದೂರದ ನೆಂಟರು ಸಂಭ್ರಮದಿಂದ ಮನೆಗೆ ಬಂದರು. “ಒಪ್ಪಿಗೆ ಅಂತೆ! ಹುಡುಗಿ ಶಾಂತಸ್ವಭಾವ, ನಿಂತ ಜಾಗ ಬಿಟ್ಟು ಅಲುಗಾಡ್ಲಿಲ್ಲ ಅಂದ್ರು. ಕನ್ನಡಕ ಇದ್ರೂ ಪರ್ವಾಗಿಲ್ವಂತೆ.”

ನಾನು ಕನ್ನಡಕ ಹಾಕಿದವಳೇ ಅಲ್ಲ. ಮೊದಲು ಚೇತರಿಸಿಕೊಂಡವರು ಅತ್ತೆ. ನನ್ನ ಕಿವಿಯಲ್ಲಿ, “ಸುಮ್ನಿರು. ಮದ್ವೆಗೇಂತ ಕನ್ನಡಕ ತೆಗೆದಿಟ್ಟಿದಾಳೆ ಅಂದ್ಕೋತಾರೆ,” ಎಂದರು.

ನನಗೆ ನಿಜಕ್ಕೂ ಭಯವಾಯಿತು. ಅಲುಗಾಡದ ಹುಡುಗಿಯೇ ಬೇಕೆನ್ನುವವರ ಮನೆಯಲ್ಲಿ ನಾನು ಬದುಕುವುದು ಹೇಗೆ?

“ಅಪ್ಪ, ಅಲ್ಲಿ ನಿಂತಿದ್ದವ್ಳು ನಾನಲ್ಲ. ನಾನು ರೈಲು ನೋಡಕ್ಕೆ ಹೋಗಿದ್ದೆ,” ಎಂದು ಎಲ್ಲರೆದುರಿಗೇ ಹೇಳಿಬಿಟ್ಟೆ.

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ನೆಂಟರ ಕಡೆ ತಿರುಗಿ, “ಅವ್ರು ಒಪ್ಪಿರೋದು ನಮ್ ಹುಡುಗೀನಲ್ಲ ಅಂತ ಹೇಳ್ಬಿಡಿ,” ಎಂದರು.

ಹಿತ್ತಲಿಗೆ ಓಡಿಹೋಗಿ ಹೊಟ್ಟೆತುಂಬ ನಕ್ಕೆ. ನಗು ನಿಂತ ಮೇಲೆ ಆ ಹುಡುಗಿ ನೆನಪಾದಳು. ಅವಳು ಬೆಟ್ಟವನ್ನು ನೋಡುತ್ತಲೇ ಇರಲಿಲ್ಲ, ತಲೆ ತಗ್ಗಿಸಿದ್ದಳು. ಅವಳನ್ನೂ ಯಾರೋ ಅಲ್ಲಿ ನಿಲ್ಲಿಸಿ ಹೋಗಿದ್ದರು.